ಬೊಲೊನ್ಯಾದ ತಲೆನೋವು

ಕರಿಬೇವು ಚಟಪಟ ಅಂದದ್ದೇ ತಡ ದಾಕ್ಷಾಯಿಣಿಯ ಕೈಯ ಸೌಟು ಕಡಾಯಿಯೊಳಗೇ ನಿಂತಿತು — ಕರಿಬೇವಲ್ಲ ಇದು, ಬೆಣ್ಣೆಯಲ್ಲಿ ಬಿದ್ದು ಮುರುಟುವ ಆ ಬೂದಿಬಣ್ಣದ ಎಲೆ, ಕರುವಿನ ಕಿವಿಯಂತೆ ಮೆತ್ತಗೆ, ಸಾಲ್ವಿಯಾ, ಸಾಲ್ವಿಯಾ ಎಂದು ಬೊಲೊನ್ಯಾದ ಆ ಮುದುಕಿ ಎರಡು ಸಲ ಹೇಳಿದ್ದಳು, ಒಂದನೇ ಇಯತ್ತೆಯ ಹುಡುಗಿಗೆ ಹೇಳಿಕೊಡುವ ಹಾಗೆ — ಅತ್ತೀ, ಶೇಂಗಾ ಹೊತ್ತಾಕತ್ತಾವ ನೋಡ್ರಿ, ಎಂದಳು ಸೊಸೆ ಭಾಗ್ಯಾ, ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುತ್ತ, ಹೌದಲ್ಲ, ಹೊತ್ತಿದವು ನಾಲ್ಕು, ಆರಿಸಿ ತೆಗೆದರಾಯಿತು, ಚುರಮುರಿಯ ಗಿರಮಿಟ್ಟಿನಲ್ಲಿ ಯಾರು ನೋಡುತ್ತಾರೆ, ಹೊರಗೆ ಹಾಲ್‌ನಲ್ಲಿ ಕೂತ ಹತ್ತು ಮಂದಿಯ ಕಣ್ಣೆಲ್ಲ ಟಿ.ವಿ.ಯ ಮೇಲೆ, ಟಿ.ವಿ.ಯಲ್ಲಿ ಇಟಲಿ, ಮೂರು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ಕೂಡಿ ಹೋದವರೆಲ್ಲ ಈ ರವಿವಾರ ವಿದ್ಯಾನಗರದ ಈ ಮನೆಯಲ್ಲಿ ಕೂತು ತಮ್ಮ ಮುಖಗಳನ್ನೇ ತಾವು ನೋಡುತ್ತಿದ್ದಾರೆ, ಹಿಂದಿರುವ ಗುಡಿ-ಗೋಪುರ ಯಾವ ಊರಿನದೆಂದು ಜಗಳಾಡುತ್ತಿದ್ದಾರೆ, ನಿವೃತ್ತ ಹೆಡ್‌ಮಾಸ್ತರ ಶಾಂತಯ್ಯನವರ ದನಿಯೇ ಎಲ್ಲಕ್ಕಿಂತ ಮೇಲೆ, ರೋಮ್ ಅಲ್ಲರಿ ಅದು, ಫ್ಲಾರೆನ್ಸ್, ನನಗ ಹೇಳಬ್ಯಾಡ್ರಿ — ಪ್ರವಾಸದ ಆ ಹತ್ತು ದಿನವೂ ಹೀಗೇ, ಮುಂದೆ ಶಾಂತಯ್ಯನವರ ದನಿ, ಹಿಂದೆ ಅಡುಗೆಯ ಯಮನಪ್ಪನ ಡಬ್ಬಿಗಳು, ರೋಮ್‌ನಲ್ಲೂ ಉಪ್ಪಿಟ್ಟು, ಫ್ಲಾರೆನ್ಸಿನಲ್ಲೂ ಉಪ್ಪಿಟ್ಟು, ವೆನಿಸ್ಸಿನಲ್ಲಿ ದೋಣಿ ಇಳಿದ ಕೂಡಲೇ ಪೂರಿ-ಬಾಜಿ, ಛಲೋ ಕೈ ಯಮನಪ್ಪನದು, ಸುಳ್ಳು ಹೇಳಿದರೆ ಬಾಯಲ್ಲಿ ಹುಳ ಬಿದ್ದೀತು, ಆದರೆ ಉಪ್ಪಿಟ್ಟು ತಿನ್ನಲಿಕ್ಕೆ ಸಮುದ್ರ ದಾಟಬೇಕಿತ್ತೇನು, ಅದನ್ನು ಗಂಡನ ಮುಂದೆ ಅಂದರೆ, ಹೊರಗಿನದು ನಮಗ ನಡಿಯೂದಿಲ್ಲ ಅಂತನ ಅಲ್ಲ ಅಂವನ್ನ ಕರಕೊಂಡು ಬಂದದ್ದು, ಎಂದುಬಿಡುತ್ತಿದ್ದರು ಮಹಾದೇವಪ್ಪ, ಅಲ್ಲಿಗೆ ಮಾತು ಮುಗಿಯಿತು, ಅದಕ್ಕೇ ಆಕೆ ಮಾತು ಬಿಟ್ಟಳು, ತಲೆ ಹಿಡಿದುಕೊಂಡಳು.

ತಲಿ ಸಿಡ್ಯಾಕತ್ತೇತ್ರಿ, ನೀವು ಹೋಗಿಬರ್ರಿ — ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಂಥ ಹಸಿ ಸುಳ್ಳು ಹೇಳಿದ್ದು ಅದೇ ಮೊದಲು, ಬೊಲೊನ್ಯಾದ ಹೋಟೆಲಿನ ಬಿಳಿ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ, ಆ ಊರು ಇವರ ಪಾಲಿಗೆ ಮಲಗಿ ಎದ್ದು ಹೋಗುವ ಊರು, ಗಂಡಸರಿಗೆಲ್ಲ ತಾಸಿನಾಚೆಯ ಕಾರಿನ ಮ್ಯೂಸಿಯಂ ನೋಡುವ ಹುಚ್ಚು, ಹತ್ತಿ ವ್ಯಾಪಾರ ಮಗನ ಕೈಗೆ ಬಿಟ್ಟ ಮೇಲೆ ಮಹಾದೇವಪ್ಪನವರಿಗೆ ಕಾರುಗಳೇ ದೇವರು, ಆದರೂ ಪಾಪ ಬಾಗಿಲಲ್ಲಿ ನಿಂತು, ಗುಳಿಗಿ ಕೊಡಲೇನು, ನಾನೂ ಉಳೀಲೇನು, ಎಂದು ಕೇಳಿದರು, ಬ್ಯಾಡರಿ, ಮಕ್ಕೊಂಡ್ರ ಹೋಗ್ತದ, ಬಸ್ಸು ಹೋದದ್ದನ್ನು ಕಿಟಕಿಯಿಂದ ಕಣ್ಣಾರೆ ನೋಡಿದ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಸ್ವೆಟರು ತೊಟ್ಟು, ಬೂಟು ಹಾಕಿ, ಹೋಟೆಲಿನ ಚೀಟಿ ಮುಷ್ಟಿಯಲ್ಲಿ ಹಿಡಿದು — ಹುಬ್ಬಳ್ಳಿಯ ದುರ್ಗದಬೈಲಿನ ಸಂತೆಗೆ ಹೋದರೂ ಜೊತೆಗೊಬ್ಬರು ಇರುತ್ತಿದ್ದ ದಾಕ್ಷಾಯಿಣಿ, ಒಬ್ಬಳೇ ಬೀದಿಗಿಳಿದಾಗ ಬೀದಿ ಎಲ್ಲಿದೆ, ಎಲ್ಲ ಪಡಸಾಲೆಯೇ, ಊರಿಗೆ ಊರೇ ಪಡಸಾಲೆ, ಕಮಾನಿನ ಹಿಂದೆ ಕಮಾನು, ಮಳೆ ಬಂದರೂ ಬಿಸಿಲು ಬಂದರೂ ನೆತ್ತಿಗೆ ತಾಕದ ಹಾಗೆ, ಯಾರ ಮನೆಯ ಪಡಸಾಲೆಯಲ್ಲಿ ಯಾರು ನಡೆದರೂ ಏ ಯಾರದು ಎಂದು ಕೇಳುವವರಿಲ್ಲ, ಸ್ವಲ್ಪ ಮುಂದೆ ಇಟ್ಟಂಗಿಯ ಎರಡು ಗೋಪುರ, ಒಂದು ನೆಟ್ಟಗೆ ಆಕಾಶಕ್ಕೆ, ಗಿಡ್ಡನೆಯದು ವಾಲಿಕೊಂಡು, ಸುತ್ತ ಬೇಲಿ, ದೊಡ್ಡ ಚೌಕದಲ್ಲಿ ಒಂದು ಗುಡಿ, ಅವರ ಇಗರ್ಜಿ, ಕೆಳಗೆ ಅರ್ಧಕ್ಕೆ ಅಮೃತಶಿಲೆ, ಮೇಲೆಲ್ಲ ಬರೀ ಇಟ್ಟಂಗಿ, ಗಿಲಾವು ಮಾಡದೆ ಬಿಟ್ಟ ಮನೆಯಂತೆ, ನೂರಾರು ವರ್ಷ ಹಾಗೇ ಬಿಟ್ಟಿದ್ದಾರೆ, ನಾಚಿಕೆಯೂ ಪಟ್ಟಿಲ್ಲ, ಅದನ್ನು ನೋಡಿ ಆಕೆಗೆ ಯಾಕೋ ಬಹಳ ಹಗುರವೆನಿಸಿತು, ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕಳು, ಆಮೇಲೆ ಸಂತೆಯ ಓಣಿಗಳು, ಕಮಲದ ಮೊಗ್ಗಿನಂಥ ಹಸಿರು ಕಾಯಿ, ಬಂಡಿಯ ಗಾಲಿಯಷ್ಟು ದೊಡ್ಡ ಚೀಸಿನ ಗಡ್ಡೆ, ತೂಗುಹಾಕಿದ ಹಂದಿಯ ತೊಡೆಗಳು, ಅಲ್ಲಿ ಸೆರಗು ಮೂಗಿಗೆ ಒತ್ತಿಕೊಂಡು ಶಿವಶಿವಾ ಎಂದು ಓಡಿದ್ದೇ ಓಡಿದ್ದು, ಓಡಿ ನಿಂತದ್ದು ಆ ಮುದುಕಿ ಇರ್ಮಾಳ ಅಂಗಡಿಯ ಗಾಜಿನ ಮುಂದೆ.

ಅತ್ತೀ, ಉಪ್ಪು ಹಾಕಿದ್ರೇನು — ಹಾಕಿದ್ದಳೋ ಇಲ್ಲವೋ, ರುಚಿ ನೋಡು ಭಾಗ್ಯಾ — ಗಾಜಿನಾಚೆ ಎಪ್ಪತ್ತು ದಾಟಿದ ಹೆಂಗಸು, ಒನಕೆಯಷ್ಟು ಉದ್ದದ ಲಟ್ಟಣಿಗೆ, ಹಿಟ್ಟನ್ನು ಬಡಿಯುವುದಲ್ಲ, ಕೂಸಿನಂತೆ ರಮಿಸುವುದು, ಅರ್ಧ ತಾಸು ನಿಂತು ನೋಡಿದಳೇನೋ, ಮುದುಕಿ ತಲೆಯೆತ್ತಿ ಮೊದಲು ನೋಡಿದ್ದು ಸೀರೆಯನ್ನಲ್ಲ, ಕುಂಕುಮವನ್ನಲ್ಲ, ದಾಕ್ಷಾಯಿಣಿಯ ಕೈಬೆರಳುಗಳನ್ನು, ಅವು ಗೊತ್ತಿಲ್ಲದಂತೆ ಗಾಳಿಯಲ್ಲೇ ಹಿಟ್ಟು ಹೊಸೆಯುತ್ತಿದ್ದವು, ಬಾ ಎಂದಳು ಕೈ ಸನ್ನೆಯಲ್ಲಿ, ಬಾ ಎನ್ನಲಿಕ್ಕೆ ಭಾಷೆ ಯಾಕೆ ಬೇಕು, ಒಳಗೆ ಹೋದರೆ ಹಿಟ್ಟಿನ ನಡುವೆ ಗುಂಡಿ ಮಾಡಿ ಒಡೆದ ತತ್ತಿಗಳು, ಒಂದಲ್ಲ, ಆರು, ದಾಕ್ಷಾಯಿಣಿ ಹಿಂದೆ ಸರಿದು ಕೈ ಆಡಿಸಿದಳು, ಬ್ಯಾಡವ್ವಾ, ತತ್ತಿ ತಿನ್ನೂದಿಲ್ಲ ನಾವು, ತಿಳಿಯಲಿಲ್ಲ ಅವಳಿಗೆ, ಕಡೆಗೆ ಎರಡೂ ಮೊಣಕೈ ಬಡಿದು ಕೊಕ್ಕೊಕ್ಕೋ ಎಂದು ಕೋಳಿಯ ಹಾಗೆ ಕೂಗಬೇಕಾಯಿತು, ಐವತ್ತೊಂಬತ್ತು ವರ್ಷದ ಹೆಂಗಸು, ಮೊಮ್ಮಕ್ಕಳಿದ್ದಾಕೆ, ಪರದೇಶದ ಅಡುಗೆಮನೆಯಲ್ಲಿ, ಮುದುಕಿ ಮೇಜು ಹಿಡಿದು ನಕ್ಕಳು, ಕಣ್ಣೀರು ಬರುವ ತನಕ, ಆಮೇಲೆ ಬೇರೆ ಹಲಗೆ ತೊಳೆದು ಬರೀ ಹಿಟ್ಟು ಬರೀ ನೀರು ಕಲಸಿದಳು, ಪಟ್ಟಿ ಕೊಯ್ದು ಅಂಗೈಗಳ ನಡುವೆ ಇಟ್ಟು ಒಂದು ತಿರುವು, ಹರಿದು ಹಲಗೆಗೆ, ತಿರುವು, ಹಲಗೆಗೆ — ಅಯ್ಯ, ಇದು ಗವಲಿ, ತವರು ಉಪ್ಪಿನಬೆಟಗೇರಿಯಲ್ಲಿ ಮದುವೆಗೆ ತಿಂಗಳಿರುವಾಗಲೇ ಅವ್ವ ಕೂಡಿಸಿ ಹೊಸೆಸುತ್ತಿದ್ದ ಪಾಯಸದ ಗವಲಿ, ಸಣ್ಣದಾಗಲಿ ದಾಕ್ಷಾ, ಜೀರಿಗೆಯಷ್ಟು ಸಣ್ಣದಾಗಲಿ, ಬೆರಳತುದಿಯಲ್ಲಿ ಚಿವುಟಿ ಹತ್ತು ಹೊಸೆದು ತೋರಿಸಿದಳು, ಇರ್ಮಾ ಕನ್ನಡಕ ಏರಿಸಿ ಒಂದನ್ನು ಅಂಗೈಮೇಲಿಟ್ಟುಕೊಂಡು ನೋಡಿದಳು, ಬಂಗಾರದ ಅಂಗಡಿಯವರು ನೋಡುವ ಹಾಗೆ, ಇಬ್ಬರೂ ತಾಸೆರಡು ತಾಸು ಹೊಸೆದರು, ಅವಳು ಹೇಳಿದ್ದು ಇವಳಿಗೆ ತಿಳಿಯದು, ಇವಳು ಅಂದದ್ದು ಅವಳಿಗೆ ತಿಳಿಯದು, ಆದರೂ ಮಾತು ನಿಲ್ಲಲಿಲ್ಲ, ಸೊಸೆಯಂದಿರ ವಿಷಯ ಬಂದಾಗಂತೂ ಎರಡೂ ಕಡೆ ಪೂರ್ತಿ ತಿಳಿಯಿತು, ಆಮೇಲೆ ಕುದಿಸಿ, ಬೆಣ್ಣೆ, ಸಾಲ್ವಿಯಾ, ತಾಟು, ಉಣ್ಣು — ಬಾಯಲ್ಲಿಟ್ಟರೆ ಜಗಿಯುವಾಗ ಸ್ವಲ್ಪ ಎದುರಾಡಿ ಆಮೇಲೆ ಒಪ್ಪಿಕೊಳ್ಳುವ ಗೋಧಿ, ಮತ್ತು ಗ್ಲಾಸು. ಆ ಗ್ಲಾಸು. ನೇರಳೆ ಹಣ್ಣಿನ ಬಣ್ಣ, ಮೇಲೆ ಗುಲಾಬಿ ನೊರೆ, ಸೋಡಾದಂತೆ ಚುಳುಚುಳು, ಲಂಬ್ರುಸ್ಕೊ, ಎಂದಳು ಇರ್ಮಾ, ಅದು ವೈನೆಂದು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಷರಬತ್ತು ಅಂದುಕೊಂಡೆ ಎನ್ನಬಹುದು, ಗೊತ್ತಿತ್ತು, ಖರೇ ಗೊತ್ತಿತ್ತು, ಕೊರಳಿನ ಲಿಂಗದ ಮೇಲೆ ಎಡಗೈ ಇಟ್ಟುಕೊಂಡು ಬಲಗೈಯಿಂದ ಅರ್ಧ ಗ್ಲಾಸು ಕುಡಿದಳು, ಮೊದಲು ಹುಳಿ, ಆಮೇಲೆ ಒಗರು, ಆಮೇಲೆ ಕಿವಿಯ ಹಿಂದೆ ಯಾರೋ ಬೆಚ್ಚಗೆ ಊದಿದ ಹಾಗೆ.

ಬೊಲೊನ್ಯಾ ಬಿಡ್ರಿ, ಮುಂದ ಒತ್ತರಿ, ಅಲ್ಲಿ ನೋಡೂದು ಏನೂ ಇರಲಿಲ್ಲ, ಮಲಗಾಕ ಇಳದಿದ್ವಿ ಅಷ್ಟ — ಶಾಂತಯ್ಯನವರ ದನಿ, ಗಿರಮಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ನಿಂತ ದಾಕ್ಷಾಯಿಣಿ ತನಗೆ ತಾನೇ ಹೇಳಿಕೊಂಡಳು, ಸುಮ್ಮನಿರು, ಮೂರು ತಿಂಗಳು ಇದ್ದಿ, ಇನ್ನೂ ಇರು, ತಾಟು ಇಟ್ಟು ಒಳಗೆ ಹೋಗು, ಆದರೆ ನೋಡುವುದು ಏನೂ ಇರಲಿಲ್ಲವಂತೆ, ಇರ್ಮಾ ಇರಲಿಲ್ಲವಂತೆ, ಆ ಪಡಸಾಲೆಗಳು ಇರಲಿಲ್ಲವಂತೆ — ಇತ್ತರಿ ಮಾಸ್ತರ, ಭಾಳ ಇತ್ತು, ನಾ ನೋಡೇನಿ, ಎಂದುಬಿಟ್ಟಳು. ತಲಿನೋವಂತ ಮಕ್ಕೊಂಡಿದ್ರಲ್ಲರಿ ಅಕ್ಕಾರ ನೀವು, ಎಂದರು ಅವರು, ಮಕ್ಕೊಂಡಿರಲಿಲ್ಲ, ಸುಳ್ಳು ಹೇಳಿದ್ದೆ, ಎಂದಳು, ಆಕೆ ನೋಡಿದ್ದು ಗಂಡನ ಮುಖವನ್ನೊಂದೇ, ಮಂದಿಯ ಮುಂದೆ ಮಾನ ಕಳೆದೆನೇನು, ಎದ್ದು ಹೋಗುತ್ತಾರೇನು, ಮಹಾದೇವಪ್ಪ ನಿಧಾನಕ್ಕೆ ಚುರಮುರಿ ಬಾಯಿಗೆ ಹಾಕಿಕೊಂಡರು, ಜಗಿದರು, ನನಗ ಗೊತ್ತಿತ್ತು ಬಿಡ, ಎಂದರು. ಗೊತ್ತಿತ್ತು? ಸಂಜಿಕ ನಾ ಬಂದಾಗ ನಿನ್ನ ಸ್ವೆಟರಿನ ಮೊಣಕೈಗೆ ಹಿಟ್ಟು ಹತ್ತಿತ್ತು, ನೀ ಮೈ ತೊಳಕೊಳ್ಳಾಕ ಹೋದಾಗ ನಾನ ಜಾಡಿಸಿ ಇಟ್ಟೆ. ಮತ್ತ ಕೇಳಲಿಲ್ಲ ಯಾಕ್ರಿ. ಮರುದಿವಸ ಬಸ್ಸಿನ್ಯಾಗ ಕಿಡಕಿ ಕಡೆ ನೋಡಕೋತ ಬೀಸೂ ಪದ ಹಾಡಾಕತ್ತಿದ್ದಿ, ನಮ್ಮ ಅವ್ವ ಹೋದ ಮ್ಯಾಲೆ ನಿನ್ನ ಬಾಯಾಗ ಪದ ಕೇಳಿರಲಿಲ್ಲ ನಾ, ಕೇಳಿದ್ರ ನಿಂತಬಿಡ್ತದ ಅಂತ ಸುಮ್ಮನಾದೆ. ಯಾರೋ ನಕ್ಕರು, ಶಾಂತಯ್ಯನವರು ಕನ್ನಡಕ ತೆಗೆದು ಒರೆಸಿದರು, ಹಂಗಾರ ನೀವ ಹೇಳ್ರಿ ಅಕ್ಕಾರ, ನಾವು ಕೇಳ್ತೇವಿ, ಎಂದರು, ಆಕೆ ಹೇಳಿದಳು, ಗೋಪುರ, ಅರ್ಧ ಗಿಲಾವಿನ ಗುಡಿ, ಕೋಳಿಯ ಕೂಗು — ಭಾಗ್ಯಾ ಬಾಗಿಲ ಚೌಕಟ್ಟು ಹಿಡಿದು ನಗುತ್ತಿದ್ದಾಳೆ, ಹಿಟ್ಟು, ಗವಲಿ, ಬೆಣ್ಣೆ, ಮತ್ತು ತಡೆದು, ಒಂದ್ ಅರ್ಧ ಗ್ಲಾಸ್ ವೈನ್. ತತ್ತಿ ಬ್ಯಾಡಂದಾಕಿ ವೈನ್ ಹೆಂಗ ಕುಡದಿ, ಎಂದರು ಮಹಾದೇವಪ್ಪ, ಹುಬ್ಬು ಏರಿದೆ, ಮೀಸೆಯ ಕೆಳಗೆ ಮಾತ್ರ ಏನೋ ಅದರುತ್ತಿದೆ. ದ್ರಾಕ್ಷಿ ಸಸ್ಯಾಹಾರ ಅಲ್ಲೇನ್ರಿ. ಆಗ ಎದ್ದ ನಗೆಗೆ ಬೀದಿಯ ನಾಯಿ ಬೊಗಳಿತು, ಮುಂದಿನ ಸರ್ತಿ ನನಗೂ ತಲಿನೋವು, ಎಂದರು ಅವರು, ಇಬ್ರೂ ಕೂಡೇ ಮಕ್ಕೊಂಡೇವಂತ.

ಎಲ್ಲ ಹೇಳಿದಳು, ಒಂದು ಉಳಿಯಿತು, ಹೇಗೆ ಹೇಳುವುದೆಂದು ತಿಳಿಯದೆ ಉಳಿಯಿತು, ಮೂರು ತಿಂಗಳಿಂದ ರೊಟ್ಟಿ ಬಡಿಯುವಾಗ, ದೀಪ ಹಚ್ಚುವಾಗ, ಮೊಮ್ಮಗಳ ಜಡೆ ಹೆಣೆಯುವಾಗ ಬಂದು ಎದುರಿಗೆ ನಿಲ್ಲುವುದು, ಈಗಲೂ ಖಾಲಿ ತಾಟು ಎದೆಗೊತ್ತಿ ನಿಂತಾಗ ಬಂದಿದೆ, ಮತ್ತೇನ ನೋಡಿದಿ, ಎಂದು ಮಹಾದೇವಪ್ಪ ಕೇಳುತ್ತಿದ್ದಾರೆ, ಬಾಯಿ ತೆರೆಯುತ್ತಾಳೆ — ಇರ್ಮಾ ತನ್ನ ತತ್ತಿಯ ಹಿಟ್ಟನ್ನು ಲಟ್ಟಿಸಿ ಮುಗಿಸಿದ ಹಳದಿ ಹಾಳೆ, ಸೆರಗಿನಷ್ಟು ಅಗಲ, ಅದನ್ನೆತ್ತಿ ಎರಡೂ ಕೈ ಚಾಚಿ ಹಿಂದಿನ ಕಿಟಕಿಯ ಬಿಸಿಲಿಗೆ ಹಿಡಿದಳು, ನೋಡು ಎಂದಳು ಗದ್ದದಿಂದ, ಹಿಟ್ಟಿನೊಳಗಿಂದ ದೂರದ ಗುಡ್ಡ ಕಂಡಿತು, ಗುಡ್ಡದ ಮೇಲಿನ ದುಂಡನೆಯ ಗುಡಿ ಕಂಡಿತು, ಬಿಸಿಲು ಹಳದಿ, ಗುಡಿ ಹಳದಿ, ಮುದುಕಿಯ ಹತ್ತು ಬೆರಳ ನೆರಳು, ಆ ಹಾಳೆ, ಗುಡ್ಡ, ಆ ಹಾಳೆ…