ಬನಶಂಕರಿಗೆ ಬಿಟ್ಟ ಬದನೆಕಾಯಿ

ಆ ಮಂಗಳವಾರ ಬೆಳಿಗ್ಗೆ ಚೆಂಬೂರಿನ ಮೇಲೆ ಮಂಜು ಇಳಿದಿತ್ತು. ಮುಂಬಯಿಯ ಚಳಿ ಎಂದರೆ ಬಾಗಿಲಲ್ಲೇ ಮಾತಾಡಿಸಿ ಹೋಗುವ ನೆಂಟ. ಆದರೆ ಆ ವರ್ಷದ ಪುಷ್ಯದಲ್ಲಿ ಅದು ಒಳಗೆ ಬಂದು ಕೂತುಬಿಟ್ಟಿತ್ತು. ಹೊಸದಾಗಿ ಎದ್ದಿದ್ದ ರಿಫೈನರಿಯ ಕೊಳವೆಗಳು ಕಾಣುತ್ತಿರಲಿಲ್ಲ. ಚಾಳಿನ ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಬಾಯಿಂದ ಹೊಗೆ ಬರುತ್ತಿತ್ತು. ಮಧ್ಯಾಹ್ನವಾದರೂ ಬಿಸಿಲು ಏರಲಿಲ್ಲ.

ಪ್ರತಿ ಮಂಗಳವಾರ ಮಧ್ಯಾಹ್ನ ಮಲ್ಲವ್ವ ಚಾಳಿನ ಆ ತುದಿಯ ಶೀಲಾವತಿಯ ಒಂಟಿ ಕೋಣೆಯ ಖೋಲಿಗೆ ಭಜನೆಗೆ ಹೋಗುತ್ತಿದ್ದಳು. ಆ ದಿನ ಶಾಲು ಮರೆತು ಹೋದಳು. ಕೆಮ್ಮಿನ ಜೀವ, ಥಂಡಿ ಹಿಡಿದೀತು ಎಂದು ಸೊಸೆ ರಾಚವ್ವ ಶಾಲು ಹಿಡಿದು ಹೊರಟಳು.

ಅತ್ತೆ ಎಂದರೆ ರಾಚವ್ವನಿಗೆ ಈ ಊರಲ್ಲಿದ್ದ ಒಂದೇ ನೆರಳು. ಅದಕ್ಕೆ ಕಾರಣ ಬದನೆಕಾಯಿ. ಬೆಂದ ಬದನೆಯ ಮೆತ್ತನೆ ತಿರುಳು ನಾಲಗೆಗೆ ತಾಕಿದರೆ ಸಾಕು, ರಾಚವ್ವನಿಗೆ ವಾಕರಿಕೆ ಬರುತ್ತಿತ್ತು. ಬಿಜಾಪುರದ ಕಡೆ ಹುಟ್ಟಿ ಎಣ್ಣೆಗಾಯಿ ಒಲ್ಲೆ ಎಂದರೆ ಯಾರು ಒಪ್ಪುತ್ತಾರೆ? ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಪರಪ್ಪನ ಕಾಕಾ ಊಟಕ್ಕೆ ಬಂದಿದ್ದರು. ಅವರ ಮನೆತನದಲ್ಲಿ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ; ಅಗುಳು ಬಿಡದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಎಲ್ಲರೆದುರು ಒಂದು ಹೋಳು ಬಾಯಿಗಿಟ್ಟ ಹೊಸ ಸೊಸೆ ಎದ್ದು ಮೋರಿಗೆ ಓಡಿದಳು.

"ಪ್ರಸಾದ ಕಾರ್ಕೊಳ್ಳೋ ಹೆಣ್ಣು ತಂದೀಯಲ್ಲಾ ಪರಪ್ಪಾ" ಎಂದಿದ್ದರು ಕಾಕಾ.

ಮಲ್ಲವ್ವ ಒಲೆಯ ಮುಂದಿಂದಲೇ ಹೇಳಿದ್ದಳು: "ಆಕೀಗೆ ಯಾಕ ಅಂತೀರಿ? ತಪ್ಪು ನಂದು. ಬದನಿಕಾಯಿ ನಾ ಬನಶಂಕರಿಗೆ ಬಿಟ್ಟೀನಿ. ನೀವು ಬರ್ತೀರಂತ ಆಸೀಗೆ ಬಿದ್ದು ಮಾಡಿದೆ, ಆ ತಾಯಿ ತೋರಿಸಿಕೊಟ್ಟಳು." ದೇವಿಯ ಹೆಸರು ಬಂದ ಮೇಲೆ ಕಾಕಾ ತಮ್ಮ ತಟ್ಟೆಯತ್ತ ತಿರುಗಿದರು. ಆಮೇಲೆ ಮಲ್ಲವ್ವ ಸೊಸೆಯ ಬೆನ್ನು ಸವರುತ್ತಾ ಕಿವಿಯಲ್ಲಿ ಹೇಳಿದಳು: "ನಂಗೂ ಸಣ್ಣಾಕಿ ಇದ್ದಾಗಿಂದ ಅದು ಸೇರೂದಿಲ್ಲವ್ವಾ. ನಾವಿಬ್ಬರೂ ಒಂದ."

ಅಂದಿನಿಂದ ಆ ಖೋಲಿಗೆ ಬದನೆಕಾಯಿ ಬರಲಿಲ್ಲ. ಪರಪ್ಪ ಖಾನಾವಳಿಯಲ್ಲಿ ತಿಂದು, ತಿಂದೆ ಎಂದು ಹೇಳಿಯೇ ಒಳಗೆ ಬರುತ್ತಿದ್ದ. ಅತ್ತೆ ಸೊಸೆ ಮಾರ್ಕೆಟ್ಟಿಗೆ ಹೋದರೆ ಬದನೆಯ ಬುಟ್ಟಿಯ ಮುಂದೆ ಇಬ್ಬರೂ ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ತವರಿನಲ್ಲಿ ತಾಯಿಯೂ ಕೊಡದಿದ್ದ ಸುಖ ಅದು. ಲೋಕವೆಲ್ಲ ಚಪ್ಪರಿಸುವುದನ್ನು ತನ್ನ ಹಾಗೆಯೇ ಒಲ್ಲದ ಇನ್ನೊಂದು ಜೀವವಿದೆ ಎಂಬ ಸುಖ.

ಶೀಲಾವತಿಯ ಬಾಗಿಲು ಅರೆ ತೆರೆದಿತ್ತು. ತಾಳದ ಸದ್ದಿರಲಿಲ್ಲ. ಒಳಗೆ ಮಲ್ಲವ್ವ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಅನ್ನ, ಹುಳಿ, ಹುಳಿಯಲ್ಲಿ ದುಂಡನೆಯ ಹಸಿರು ಬದನೆಯ ಹೋಳುಗಳು.

"ಉಡುಪಿಯಿಂದ ನಿನ್ನೆ ಬಂದ ಗುಳ್ಳ ಇದು, ಮಲ್ಲಕ್ಕ. ಇನ್ನೊಂದು ಹೋಳು ಬಡಿಸ್ಲಾ?"

"ಹಾಕವ್ವಾ, ಕೇಳತಾರೇನು?"

"ಸೊಸೆಗೆ ಗೊತ್ತಾದ್ರೆ ನಿಮ್ಮ ಭಜನೆ ಎಂತದ್ದೂಂತ ತಿಳೀತದೆ ಮಾರಾಯ್ರೆ!"

ಮಲ್ಲವ್ವ ಬೆರಳು ನೆಕ್ಕುತ್ತಾ ನಕ್ಕಳು. "ಬದನಿಕಾಯಿ ಕಂಡ್ರ ಹಾವು ಕಂಡಂಗ ಮಾಡ್ತಾಳ ಆಕಿ. ಸಂತ್ಯಾಗ ನಾನೂ ಹಿಂಗ ಸೆರಗು ಹಿಡೀತೀನಿ, ನೋಡು." ಎಡಗೈಯಿಂದ ಸೆರಗು ಎಳೆದು ಮೂಗಿಗೆ ಹಿಡಿದು ತೋರಿಸಿದಳು. ಶೀಲಾವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ರಾಚವ್ವ ಶಾಲನ್ನು ಹೊಸ್ತಿಲ ಮೇಲಿಟ್ಟು ಬಂದುಬಿಟ್ಟಳು.

ಉಂಡದ್ದು ಅವಳನ್ನು ಸುಡಲಿಲ್ಲ. ಆ ಸೆರಗು ಸುಟ್ಟಿತು. ಬುಟ್ಟಿಯ ಮುಂದೆ ತಾನು ನಕ್ಕಾಗಲೆಲ್ಲ ಒಬ್ಬಳೇ ನಗುತ್ತಿದ್ದೆನಲ್ಲ ಎಂದುಕೊಂಡಳು.

ಹೊಸ್ತಿಲಲ್ಲಿ ಶಾಲು ಕಂಡ ಮಲ್ಲವ್ವ ತಟ್ಟೆಯನ್ನೂ ತೊಳೆಯದೆ ಎದ್ದು ಬಂದಳು. ರಾಚವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ರಾಚವ್ವಾ, ನಿನ್ನ ಸಲುವಾಗಿ ಅಂದ ಮಾತವ್ವ ಅದು. ಅವತ್ತ ಕಾಕಾನ ಬಾಯಿ ಮುಚ್ಚಸಬೇಕಿತ್ತು. ನಾ ಮನ್ಯಾಗ ಬಿಟ್ಟದ್ದು ನಿನಗಂತನ."

"ಕಾಕಾಗ ಸುಳ್ಳ ಹೇಳಿದ್ರಿ, ಇರ್ಲಿ. ನನ್ನ ಕಿವ್ಯಾಗ ಯಾಕ ಹೇಳಿದ್ರಿ?"

ಮಲ್ಲವ್ವ ಗೋಡೆಗೆ ಒರಗಿ ಕೂತಳು. "ನೀ ಅಳಾಕತ್ತಿದ್ದಿ. ಹಂಗಂದ ಕೂಡಲೇ ನಕ್ಕಿ. ಆ ನಗಿ ಕಂಡ ಮ್ಯಾಲ ಖರೇ ಹೆಂಗ ಹೇಳ್ಲಿ?"

"ನನಗ ಬದನಿಕಾಯಿ ಬಿಡೋ ಅತ್ತಿ ಬೇಕಾಗಿರಲಿಲ್ರಿ" ಎಂದಳು ರಾಚವ್ವ. "ನನ್ನಂಗ ಬದನಿಕಾಯಿ ಸೇರದ ಅತ್ತಿ ಸಿಕ್ಕಾಳಂತ ತಿಳಕೊಂಡಿದ್ದೆ. ಆಕಿ ಇವತ್ತ ಸತ್ತಂಗಾತು."

ಅಂದು ಸಂಜೆ ಆ ಖೋಲಿಯಲ್ಲಿ ಅತ್ತೆ ಒಂದು ಮೂಲೆಯಲ್ಲಿ, ಸೊಸೆ ಒಂದು ಮೂಲೆಯಲ್ಲಿ ಉಂಡರು. "ಏನ್ ನಡದೈತಿ?" ಎಂದು ಕೇಳಿದ ಪರಪ್ಪನ ತಟ್ಟೆಗೆ ರಾಚವ್ವ ಇನ್ನಷ್ಟು ಅನ್ನ ಬಡಿಸಿದಳು.

ಶುಕ್ರವಾರ ಬನಶಂಕರಿ ಹುಣ್ಣಿಮೆ. ಆ ತಾಯಿ ಕಾಯಿಪಲ್ಲೆಗಳ ದೇವಿ. ಅವಳಿಗೆಂದು ಬಿಟ್ಟ ಕಾಯಿಯನ್ನು ಮತ್ತೆ ತಿನ್ನಬೇಕಾದರೆ ಮೊದಲು ಅವಳಿಗೇ ಎಡೆ ಹಿಡಿಯಬೇಕು; ಬಿಟ್ಟೆನೆಂದು ಸುಳ್ಳು ಹೇಳಿದ್ದರೂ ಹೆಸರು ಅವಳದೇ ತಾನೆ. ರಾಚವ್ವ ಒಬ್ಬಳೇ ಮಾರ್ಕೆಟ್ಟಿಗೆ ಹೋದಳು.

"ಅಗೋಬಾಯಿ, ಆಜ್ ವಾಂಗೀ?" ಎಂದು, ಅವಳು ಬದನೆಯ ಬುಟ್ಟಿಯ ಮುಂದೆ ಕೂತದ್ದು ಕಂಡು ಭಾಜಿವಾಲಿ ಬೆರಗಾದಳು. ರಾಚವ್ವ ಸೆರಗು ಎತ್ತಲಿಲ್ಲ. ಎಳೆಯ ಕಾಯಿಗಳನ್ನು ಒಂದೊಂದಾಗಿ ಆರಿಸಿದಳು.

ಮನೆಯಲ್ಲಿ ನಾಲ್ಕು ಸೀಳಾಗಿ ಹೆಚ್ಚಿ, ಶೇಂಗಾ, ಗುರೆಳ್ಳು, ಬೆಲ್ಲ, ಹುಣಸೆಯ ಮಸಾಲೆ ತುಂಬಿದಳು. ಬೀಜ ಬೆರಳಿಗೆ ಅಂಟಿತು. ಕಿಟಕಿಯತ್ತ ಮುಖ ಮಾಡಿ ಉಸಿರೆಳೆದುಕೊಂಡು ಮತ್ತೆ ತುಂಬಿದಳು. ದೇವರಿಗೆ ಇಡುವುದಾದ್ದರಿಂದ ಉಪ್ಪು ನೋಡುವ ಹಾಗಿರಲಿಲ್ಲ, ಅದೊಂದು ಪುಣ್ಯ. ಎಣ್ಣೆಯಲ್ಲಿ ಕಾಯಿ ಬೇಯುತ್ತಾ ಬಂದಂತೆ ಖೋಲಿ ತುಂಬ ವಾಸನೆ ಹರಡಿತು. ಮೂಲೆಯಲ್ಲಿ ಕೂತ ಮಲ್ಲವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು.

ಎಡೆ ಹಿಡಿದು ಊದುಬತ್ತಿ ಬೆಳಗಿದ ಮೇಲೆ ಮಲ್ಲವ್ವ ಮೆಲ್ಲಗೆ ಕೇಳಿದಳು: "ಪ್ರಸಾದ ಅಲ್ಲವ್ವಾ? ನೀ ಚೂರ ನಾಲಿಗಿಗೆ ಹಚ್ಚಿಕೊಳ್ಳೂದಿಲ್ಲೇನು?"

"ನನಗ ಸೇರೂದಿಲ್ರಿ" ಎಂದಳು ರಾಚವ್ವ. "ಅದು ಖರೇನ ಐತಿ. ದೇವಿಗೂ ಗೊತ್ತೈತಿ."

ಎಡೆಯಲ್ಲಿದ್ದ ಬಟ್ಟಲನ್ನು ಎತ್ತಿಕೊಂಡಳು. ಮೂಲೆಗೆ ಬಂದು, ಎರಡೂ ಕೈಯಿಂದ ಅದನ್ನು ಅತ್ತೆಯ ಕೈಗೆ ಒಪ್ಪಿಸಿದಳು.