ತಂಗಿಯ ಕಿವಿ, ಅಣ್ಣನ ಪೆಡಲ್‌ಗಳು

ಗಿಟಾರ್ ಮೇಷ್ಟ್ರಿಗೆ ಪೆಡಲ್‌ಗಳ ಹುಚ್ಚು ಹಿಡಿದದ್ದು ತಡವಾಗಿ. ಹಿಡಿದ ಮೇಲೆ ಮಾತ್ರ ಬಿಡಲಿಲ್ಲ. ಕಾಲಿನಿಂದ ಒತ್ತಿದರೆ ಗಿಟಾರಿನ ದನಿಯನ್ನೇ ಬದಲಿಸಿಬಿಡುವ ಆ ಚಿಕ್ಕ ಡಬ್ಬಿಗಳಲ್ಲಿ ಮೊದಲು ಅವರ ಬಳಿ ಒಂದೇ ಒಂದಿತ್ತು, ದನಿಯನ್ನು ಒರಟು ಮಾಡುವುದು. ಆಮೇಲೆ ಮಾರ್ದನಿ ಕೊಡುವುದು ಬಂತು. ಅಲೆಯ ಹಾಗೆ ತೂಗಾಡಿಸುವುದು ಬಂತು. ನೋಡನೋಡುತ್ತಾ ಹಲಗೆಯ ಮೇಲೆ ಹನ್ನೊಂದು ಡಬ್ಬಿಗಳು ಆಟದ ರೈಲಿನಂತೆ ಸಾಲುಗಟ್ಟಿ ಕೂತವು. ಗಿಟಾರಿನಿಂದ ಹೊರಟ ಕೇಬಲ್ ಒಂದರೊಳಗೆ ಹೊಕ್ಕು ಇನ್ನೊಂದರಿಂದ ಹೊರಬಿದ್ದು, ಸುತ್ತಿ ಬಳಸಿ, ಕೊನೆಗೆ ಕೋಣೆಯ ಆಚೆ ತುದಿಯ ಆಂಪ್ಲಿಫೈಯರ್ ಸೇರುತ್ತಿತ್ತು. ಹಲಗೆಯ ಮೇಲೆ ಯಾರಾದರೂ ಕೈಯಿಟ್ಟರೆ ಮೇಷ್ಟ್ರ ಮೈಮೇಲೆ ಕೈಯಿಟ್ಟಂತೆ.

ಅವರ ಬ್ಯಾಂಡು ಚಿಕ್ಕದು. ಡ್ರಮ್ ಬಾರಿಸುವವನನ್ನು ಎಲ್ಲರೂ ಗುಡುಗು ಅಂತ ಕರೆಯುತ್ತಿದ್ದರು. ಕೈ ಮಾತ್ರ ಗುಡುಗು, ಬಾಯಿ ಬಿಟ್ಟರೆ ಪಕ್ಕದವರಿಗೂ ಕೇಳಿಸದು. ಬೇಸ್ ಗಿಟಾರ್ ನುಡಿಸುವವಳು ಅವನ ಹೆಂಡತಿ. ಹಾಡುವವಳು ಮೇಷ್ಟ್ರ ಸ್ವಂತ ತಂಗಿ. ಅವಳು ಪುಟ್ಟವಳಿದ್ದಾಗ ಮೇಷ್ಟ್ರು ಬಾಗಿಲ ಹಿಂದೆ ನಿಂತು ಒಂದು ತಂತಿ ಮೀಟುತ್ತಿದ್ದರು, ಅವಳು ಈಚೆಯಿಂದ ಅದು ಯಾವ ಸ್ವರ ಅಂತ ಹೇಳುತ್ತಿದ್ದಳು. ಒಂದು ಸಲವೂ ತಪ್ಪಿದವಳಲ್ಲ. ಮನೆಗೆ ಬಂದವರ ಮುಂದೆಲ್ಲ ಈ ಆಟ ಆಡಿಸಿ ಮೇಷ್ಟ್ರು ಬೀಗುತ್ತಿದ್ದರು.

ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಅವರ ಅಭ್ಯಾಸ. ಒಂದು ಸಂಜೆ ಅಲ್ಲಿಗೆ ಸಭಾಂಗಣದ ಮ್ಯಾನೇಜರ್ ಹಾಡು ಕೇಳಲು ಬಂದರು. ತಂಗಿಯೊಬ್ಬಳದೇ ಒಂದು ಕಾರ್ಯಕ್ರಮ ಇಟ್ಟುಕೊಳ್ಳುವ ಯೋಚನೆ ಅವರಿಗಿತ್ತು. ಎರಡನೇ ಹಾಡಿನ ಮಧ್ಯದಲ್ಲಿ ತಂಗಿ ಕೈ ಎತ್ತಿ ನಿಲ್ಲಿಸಿದಳು.

"ಅಣ್ಣ, ನಿನ್ನ ಗಿಟಾರು ಕಂಬಳಿ ಹೊದ್ಕೊಂಡು ಮಾತಾಡೋ ಹಾಗಿದೆ. ಮೇಲಿನ ಸ್ವರ ಯಾವುದೂ ಬಿಡಿಸಿ ಕೇಳಿಸ್ತಿಲ್ಲ."

ಹೊರಗಿನವರ ಎದುರು ಹಾಗಂದದ್ದು ಮೇಷ್ಟ್ರಿಗೆ ಚುಚ್ಚಿತು. "ಗಿಟಾರಿಗೆ ಏನೂ ಆಗಿಲ್ಲ ಪುಟ್ಟಿ, ನಿನ್ನ ಕಿವಿ ಮಂದ ಆಗಿದೆ. ವಯಸ್ಸು ಯಾರನ್ನ ಬಿಡುತ್ತೆ? ಹೋಗಿ ಡಾಕ್ಟರಿಗೆ ತೋರಿಸ್ಕೋ," ಅಂದರು. ಮ್ಯಾನೇಜರ್ ನಕ್ಕರು. ಗುಡುಗು ತಲೆ ತಗ್ಗಿಸಿ ಡ್ರಮ್ಮಿನ ಕಂಚಿನ ತಾಳದ ತಿರುಪು ಬಿಗಿ ಮಾಡುತ್ತ ಕೂತ.

ಬೇರೆ ಯಾರಾದರೂ ಹೇಳಿದ್ದರೆ ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕೇಳುವುದನ್ನು ಕಲಿಸಿದ ಅಣ್ಣನೇ ಹೇಳಿದ ಮೇಲೆ ಇನ್ನೇನು? ಮರುದಿನವೇ ಡಾಕ್ಟರ ಬಳಿ ಹೋದಳು. ಅವರು ಪರೀಕ್ಷೆ ಮಾಡಿ, ಗಾಬರಿಯಾಗುವಂಥದ್ದು ಏನಿಲ್ಲ, ಸ್ವಲ್ಪ ಗುಗ್ಗೆ ಇದೆ ಅಷ್ಟೆ ಅಂತ ಹೇಳಿ ಕಿವಿಗೆ ಹಾಕುವ ಹನಿ ಬರೆದುಕೊಟ್ಟರು. ಅವಳಿಗೆ ನಂಬಿಕೆ ಬರಲಿಲ್ಲ. ತನ್ನ ಸಮಾಧಾನಕ್ಕೆ ಹಾಗೆ ಹೇಳಿದ್ದಾರೆ ಅಂದುಕೊಂಡಳು. ಅಂದಿನಿಂದ ಹಾಡುತ್ತಾ ಹಾಡುತ್ತಾ ನಿಂತುಬಿಡುವಳು. "ಸರಿಯಿತ್ತಾ?" ಅಂತ ಒಬ್ಬೊಬ್ಬರ ಮುಖ ನೋಡುವಳು. ಮ್ಯಾನೇಜರ್ ಫೋನ್ ಮಾಡಿದರೆ, "ಕಿವಿ ಮೊದಲು ಸರಿಯಾಗಲಿ ಸಾರ್," ಅಂದುಬಿಟ್ಟಳು.

ಹೀಗಿರುವಾಗ ಒಂದು ಬೆಳಗ್ಗೆ ಮೇಷ್ಟ್ರ ಪೆಡಲ್‌ಗಳಿಗೆ ವಿದ್ಯುತ್ ಕೊಡುವ ಅಡಾಪ್ಟರ್ ಸುಟ್ಟುಹೋಯಿತು. ಪಾಠದ ಹೊತ್ತಾಗಿತ್ತು. ಗೊಣಗುತ್ತಾ ಒಂದು ಗಿಡ್ಡ ಕೇಬಲ್ ಹುಡುಕಿ ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದರು. ಕೈ ಅಲ್ಲೇ ನಿಂತಿತು. ಒರೆಸಿಟ್ಟ ಗಾಜಿನಂಥ ದನಿ. ಪ್ರತಿ ತಂತಿಯೂ ಬೇರೆಬೇರೆ, ಉಗುರು ತಾಗಿದ ಸದ್ದು ಕೂಡ ಸ್ಪಷ್ಟ.

ಪಾಠ ಮುಗಿದ ಮೇಲೆ ಬೇರೆ ಅಡಾಪ್ಟರ್ ತಂದು ಹಲಗೆಯನ್ನು ಮತ್ತೆ ಜೋಡಿಸಿ ನುಡಿಸಿದರು. ಕಂಬಳಿ. ಹನ್ನೊಂದನ್ನೂ ಆಫ್ ಮಾಡಿ ನುಡಿಸಿದರು. ಆಗಲೂ ಕಂಬಳಿಯೇ.

ಕಾರಣ ಅವರಿಗೆ ಗೊತ್ತಿಲ್ಲದ್ದೇನಲ್ಲ. ಗಿಟಾರಿನಿಂದ ಹೊರಡುವ ವಿದ್ಯುತ್ ಸಂಕೇತ ಬಲು ಕ್ಷೀಣವಾದದ್ದು. ಕೇಬಲ್ ಉದ್ದವಾದಷ್ಟೂ, ಪೆಡಲ್‌ಗಳ ಸರಪಳಿ ಬೆಳೆದಷ್ಟೂ ಮೇಲಿನ ಸ್ವರಗಳ ಹೊಳಪು ದಾರಿಯಲ್ಲೇ ಸೋರಿಹೋಗುತ್ತದೆ. ಇದನ್ನು ಅವರೇ ಎಷ್ಟು ಶಿಷ್ಯರಿಗೆ ಹೇಳಿಲ್ಲ? ಒಂದೊಂದೇ ಡಬ್ಬಿ ಸೇರಿಸುತ್ತ ಹೋದ್ದರಿಂದ ಹೊಳಪೂ ಒಂದೊಂದೇ ಚೂರು ಕಳೆದುಹೋಗಿತ್ತು, ಅವರ ಕಿವಿ ಅದಕ್ಕೇ ಒಗ್ಗಿಕೊಂಡಿತ್ತು. ಒಗ್ಗಿಕೊಳ್ಳದೆ ಇದ್ದದ್ದು ತಂಗಿಯ ಕಿವಿ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಮೇಷ್ಟ್ರ ಮುಖ ಬಿಸಿಯಾಗಿತ್ತು.

ಆಗಲೇ ಫೋನ್ ಮಾಡಿ ಹೇಳಬಹುದಿತ್ತು. ಫೋನ್ ಕೈಗೆತ್ತಿಕೊಂಡರು ಕೂಡ. ಮೊದಲು ಸರಿ ಮಾಡೋಣ, ಹೇಳುವುದು ಇದ್ದೇ ಇದೆ ಅಂತ ಕೆಳಗಿಟ್ಟರು. ಬೇಡದ ನಾಲ್ಕು ಡಬ್ಬಿಗಳನ್ನು ಕಿತ್ತರು. ಉಳಿದವುಗಳ ನಡುವೆ ಗೇಣುದ್ದದ ಕೇಬಲ್ ಹಾಕಿದರು. ಗಿಟಾರಿನ ಕ್ಷೀಣ ಸಂಕೇತಕ್ಕೆ ಬಲ ಕೊಟ್ಟು ಮುಂದೆ ಕಳಿಸುವ ಬಫರ್ ಎಂಬ ಡಬ್ಬಿಯೊಂದನ್ನು ಸಾಲಿನ ಆರಂಭದಲ್ಲೇ ಕೂರಿಸಿದರು. ದನಿ ಒರಟು ಮಾಡುವ ಆ ಹಳೆಯ ಪೆಡಲ್‌ಗೆ ಮಾತ್ರ ಗಿಟಾರಿನ ನೇರ ಸಂಕೇತವೇ ಆಗಬೇಕು, ಬಫರ್ ಮುಂದಿದ್ದರೆ ಅದು ಕಿರುಚುತ್ತದೆ; ಅದನ್ನು ಬಫರಿಗಿಂತ ಮೊದಲು ಇಟ್ಟರು. ಕೆಲಸ ಅಚ್ಚುಕಟ್ಟಾಯಿತು.

ಮುಂದಿನ ಅಭ್ಯಾಸದಲ್ಲಿ ಅವರು ಮೊದಲ ಸಾಲು ನುಡಿಸುತ್ತಿದ್ದಂತೆ ತಂಗಿ ಹಾಡನ್ನು ಎತ್ತಿಕೊಳ್ಳಲೇ ಇಲ್ಲ. ಕಣ್ಣಲ್ಲಿ ನೀರು ತುಂಬಿತ್ತು.

"ಅಣ್ಣ, ಕೇಳಿಸ್ತಿದೆ. ಎಲ್ಲಾ ತಂತಿನೂ ಬಿಡಿಸಿ ಕೇಳಿಸ್ತಿದೆ. ಆ ಹನಿ ಕೆಲಸ ಮಾಡ್ತು."

ಗುಡುಗಿನ ಹೆಂಡತಿ ಬೇಸನ್ನು ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು. ಗುಡುಗು ನೆಲದ ಮೇಲಿನ ಹಲಗೆಯನ್ನು ನೋಡಿದ, ಖಾಲಿ ಜಾಗಗಳನ್ನು ನೋಡಿದ, ಆಮೇಲೆ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರಿಗೆ ಕಣ್ಣು ಕೂಡಿಸಲಾಗಲಿಲ್ಲ.

"ಒಳ್ಳೇದಾಯ್ತು ಪುಟ್ಟಿ," ಅಂದರು.

ಆ ಒಂದು ಮಾತು ಅವರನ್ನು ಮಲಗಲು ಬಿಡಲಿಲ್ಲ, ಉಣ್ಣಲು ಬಿಡಲಿಲ್ಲ. ಮೊದಲಿನದು ದುಡುಕು, ಗೊತ್ತಿಲ್ಲದೆ ಆಡಿದ ಮಾತು. ಇದು ಗೊತ್ತಿದ್ದೂ ಆಡಿದ್ದು. ಸಾಲದ್ದಕ್ಕೆ ಅಮ್ಮ ಎದುರಿಗೆ ಸಿಕ್ಕಾಗಲೆಲ್ಲ, "ನೀನು ಹೇಳಿದ್ದಕ್ಕೇ ಕಣೋ ಅವಳು ಡಾಕ್ಟರ ಹತ್ರ ಹೋಗಿದ್ದು. ಅಣ್ಣ ಅಂದ್ರೆ ಹಾಗಿರಬೇಕು," ಅಂತ ಹೊಗಳುವರು. ಪ್ರತಿ ಹೊಗಳಿಕೆಗೂ ಮೇಷ್ಟ್ರು ಒಂದೊಂದು ಗೇಣು ಕುಗ್ಗುವರು.

ಭಾನುವಾರ ಮಧ್ಯಾಹ್ನ ಅವರು ಹಜಾರಕ್ಕೆ ಬಂದಾಗ ತಂಗಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅಮ್ಮ ಒಂದು ಕಿವಿಗೆ ಹನಿ ಬಿಟ್ಟು ಹತ್ತಿ ಇಡುತ್ತಿದ್ದರು.

"ಸರಿಯಾಯ್ತಲ್ಲ, ಇನ್ನೂ ಯಾಕಮ್ಮ?" ಅಂದರು ಮೇಷ್ಟ್ರು.

"ಮತ್ತೆ ಮಂದ ಆಗಬಾರದಲ್ಲ. ಅವಳಿಗೆ ಅದೇ ಭಯ."

ಹತ್ತಿ ಇಟ್ಟುಕೊಂಡು ಕಣ್ಣು ಮುಚ್ಚಿದ್ದ ತಂಗಿಯ ಮುಖ ನೋಡಿ ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. "ಪುಟ್ಟಿ, ನಿನ್ನ ಕಿವಿಗೆ ಏನೂ ಆಗಿರಲಿಲ್ಲ," ಅಂದರು.

"ಏನು? ಜೋರಾಗಿ ಹೇಳು ಅಣ್ಣ, ಹತ್ತಿ ಇದೆ."

ಮೆಲ್ಲಗೆ ಹೇಳಿ ಪಾರಾಗುವ ದಾರಿಯೂ ಮುಚ್ಚಿತು. ಇಡೀ ಮನೆಗೆ ಕೇಳುವ ಹಾಗೆ ಹೇಳಬೇಕಾಯಿತು. "ನಿನ್ನ ಕಿವಿ ಸರಿಯಾಗೇ ಇತ್ತು. ನನ್ನ ಪೆಡಲ್ಲುಗಳಿಂದ ದನಿ ಹಾಳಾಗಿತ್ತು. ನೀನು ಹೇಳಿದ್ದೇ ನಿಜ."

ತಂಗಿ ಎದ್ದು ಕೂತಳು, ಹತ್ತಿ ತೆಗೆದಳು. "ನಿನಗೆ ಯಾವಾಗ ಗೊತ್ತಾಯ್ತು?"

"ಅಡಾಪ್ಟರ್ ಸುಟ್ಟ ದಿನ."

"ಹಾಗಾದ್ರೆ ನಾನು ಅಳ್ತಾ ಕೇಳಿಸ್ತಿದೆ ಅಂದಾಗ ಗೊತ್ತಿತ್ತು."

"ಗೊತ್ತಿತ್ತು."

ಅಮ್ಮ ಹನಿಯ ಬಾಟಲಿಯ ಮುಚ್ಚಳ ತಿರುಗಿಸಿ ಒಳಗೆ ಹೋದರು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

"ವಯಸ್ಸಾಯ್ತು ಅಂದಿದ್ದಕ್ಕೆ ನನಗೆ ಬೇಜಾರಿರಲಿಲ್ಲ," ಅಂದಳು ತಂಗಿ. "ಇನ್ನು ಹಾಡಬಾರದೇನೋ ಅನ್ನಿಸಿಬಿಟ್ಟಿತ್ತು. ಆವತ್ತು ಅವರೆಲ್ಲರ ಎದುರಿಗೆ ಅಂದೆ. ಇದನ್ನೂ ಅವರೆಲ್ಲರ ಎದುರಿಗೇ ಹೇಳು."

ಹೇಳಿದರು. ಅದೇ ಕೋಣೆಯಲ್ಲಿ, ಮ್ಯಾನೇಜರನ್ನು ಕರೆಸಿ, ನಿಂತುಕೊಂಡು. ಮ್ಯಾನೇಜರ್, "ಅಷ್ಟೇನಾ? ಇದಕ್ಕೆ ನನ್ನನ್ನ ಕರೆಸಿದ್ರಾ?" ಅಂತ ನಕ್ಕುಬಿಟ್ಟರು. ಆವತ್ತಿನದೇ ನಗು. ಈ ಸಲ ಅದು ತಮ್ಮ ಮೇಲೆ ಬಿದ್ದಾಗ ಅದರ ಭಾರ ಎಷ್ಟೆಂದು ಮೇಷ್ಟ್ರಿಗೆ ತಿಳಿಯಿತು. ಆಮೇಲೆ ಗುಡುಗು ತನ್ನ ಮೆತ್ತಗಿನ ದನಿಯಲ್ಲಿ, "ಗಿಟಾರು ಮಂಕಾಗಿದೆ ಅಂತ ನನಗೂ ಆವತ್ತೇ ಅನ್ನಿಸಿತ್ತು ಮೇಷ್ಟ್ರೇ. ನೀವು ಬೇಜಾರು ಮಾಡ್ಕೋತೀರಿ ಅಂತ ಬಾಯಿ ಬಿಡಲಿಲ್ಲ. ತಪ್ಪಾಯ್ತು ತಂಗ್ಯವ್ವ," ಅಂದ. ಅವಳು ಅವನತ್ತಲೂ ನೋಡಲಿಲ್ಲ.

ಕಾರ್ಯಕ್ರಮಕ್ಕೆ ಒಪ್ಪಿಕೊಂಡಳು. "ಗಿಟಾರಿಗೆ ಈ ಸಲ ಬೇರೆ ಯಾರಾದರೂ ಬರಲಿ, ಅಣ್ಣ," ಅಂದಳು, ಕೋಪವಿಲ್ಲದೆ. ಮೇಷ್ಟ್ರು ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. ಅವಳು ಹಾಡಿನ ಮಧ್ಯೆ ಎಲ್ಲೂ ನಿಲ್ಲಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಜನ ಚಪ್ಪಾಳೆ ತಟ್ಟುವಾಗ ಮೇಷ್ಟ್ರ ಕೈಯೂ ಎದ್ದಿತು. ತಟ್ಟುವ ಹಕ್ಕು ತಮಗಿದೆಯೇ ಅಂತ ಅರೆಗಳಿಗೆ ಅಳುಕಿ, ಆಮೇಲೆ ತಟ್ಟಿದರು.

ಜನ ಕರಗಿದ ಮೇಲೆ ಅವಳು ಬಂದು ಎದುರಿಗೆ ನಿಂತಳು.

"ಹೇಗಿತ್ತು?"

ಮೇಷ್ಟ್ರ ನಾಲಿಗೆ ತುದಿಗೆ ಹೊಗಳಿಕೆ ಬಂದಿತ್ತು. ನುಂಗಿಕೊಂಡರು. "ನಿನಗೆ ಹೇಗೆ ಕೇಳಿಸ್ತು, ಅದನ್ನ ಹೇಳು."

ಅವಳು ಸ್ವಲ್ಪ ಯೋಚಿಸಿದಳು. "ಮೂರನೇ ಹಾಡಿನ ಲಯ ಒಂದು ಚೂರು ಓಡಿತು. ಉಳಿದದ್ದು ಚೆನ್ನಾಗಿತ್ತು," ಅಂದಳು. ಆಮೇಲೆ ತನ್ನ ಚೀಲವನ್ನು ಅವರ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿದಳು.