ಬಾಗಿಲನ್ನೇ ಪಲ್ಲಕ್ಕಿ ಮಾಡಿದವರು

ಬಾವೆಯಾನ್ ದ್ವೀಪದಿಂದ ಹಡಗೇರಿ ಸಿಂಗಪುರಕ್ಕೆ ಬಂದ ದಿನವೇ ಸುಪಿಯಾಗೆ ಅಳು ಬಂದಿತ್ತು. ಗಂಡ ಅಸ್ಮಾವಿ ಬಿಳಿ ದೊರೆಯೊಬ್ಬನ ಮೋಟಾರು ಓಡಿಸುತ್ತಾನೆಂದು ಊರಲ್ಲೆಲ್ಲ ಹೆಸರು. ಇಲ್ಲಿ ಬಂದು ನೋಡಿದರೆ ಅವನ ಸಂಸಾರಕ್ಕೆಂದು ಇದ್ದದ್ದು ಉದ್ದನೆಯ ಹಜಾರದಲ್ಲಿ ಎರಡು ಚಾಪೆಯ ಜಾಗ. ಹಗ್ಗಕ್ಕೆ ತೂಗುಬಿಟ್ಟ ಹಳೇ ಬಟ್ಟೆಯೇ ಗೋಡೆ. ಅವರ ಊರಿನವರೆಲ್ಲ ಕೂಡಿ ಬಾಡಿಗೆಗೆ ಹಿಡಿದಿದ್ದ ಆ ಮನೆಯನ್ನು ಪೊಂಡೋಕ್ ಎನ್ನುತ್ತಿದ್ದರು. ಕುದುರೆ ಲಾಯದವರು, ಮೋಟಾರಿನವರು, ಹಡಗುಕಟ್ಟೆಯ ಕೂಲಿಗಳು, ಅವರ ಹೆಂಡಿರು ಮಕ್ಕಳು, ಎಲ್ಲರಿಗೂ ಒಂದೇ ನಲ್ಲಿ.

ಬಟ್ಟೆಯ ಆಚೆ ಮಲಗುತ್ತಿದ್ದವನು ಬುವಾಂಗ್. ಕಟ್ಟೆಯಲ್ಲಿ ಮೂಟೆ ಹೊರುವ ಒಂಟಿ ಮನುಷ್ಯ. ದೇಹ ಎಷ್ಟು ಗಟ್ಟಿಯೋ ಮಾತೂ ಅಷ್ಟೇ ಒರಟು.

"ಏನಮ್ಮಾ, ಗಂಡನ ಹತ್ರ ಗುಸುಗುಸು ಮಾಡ್ತೀಯಲ್ಲ, ಒಂದೋ ಜೋರಾಗಿ ಹೇಳು, ಇಲ್ಲಾ ಸುಮ್ನೆ ಮಲಗು. ಅರ್ಧಂಬರ್ಧ ಕೇಳಿ ನನಗೆ ನಿದ್ದೆ ಬರಲ್ಲ!"

ಹಜಾರವೆಲ್ಲ ನಕ್ಕಿತು. ಸುಪಿಯಾ ನಾಚಿಕೆಯಿಂದ ಹಿಡಿಯಷ್ಟಾದಳು. ಆಗ ಅವಳು ತುಂಬು ಬಸುರಿ. ಇಷ್ಟು ಜನರ ನಡುವೆ ಹೆರುವುದು ಹೇಗೆಂಬ ಚಿಂತೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಅಸ್ಮಾವಿ ದೊರೆಯನ್ನು ದೂರದ ಮಲಾಕಾ ಊರಿಗೆ ಕರೆದೊಯ್ದಿದ್ದಾಗಲೇ ನೋವು ಶುರುವಾಯಿತು. ಹೊರಗೆ ಹಿಂದಿನ ದಿನದಿಂದ ಬಿಡದೆ ಸುರಿಯುವ ಮಳೆ. ಸಮುದ್ರದ ಉಬ್ಬರವೂ ಸೇರಿ ಕಾಲುವೆ ಉಕ್ಕಿ, ಬೀದಿ ಯಾವುದು ಚರಂಡಿ ಯಾವುದು ತಿಳಿಯದಂತಾಗಿತ್ತು. ಕೆಲಸ ನಿಂತು ಗಂಡಸರೆಲ್ಲ ಮನೆಯಲ್ಲೇ ಇದ್ದರು. ಆದರೆ ಅವಳ ಮೊದಲ ನರಳಾಟ ಕೇಳಿದ್ದೇ ತಡ, ಯಾರೂ ಹೇಳದೆಯೇ ಒಬ್ಬೊಬ್ಬರಾಗಿ ಎದ್ದು ಹೊರಜಗಲಿಗೆ ಹೋಗಿ ಎರಚಲಿಗೆ ಬೆನ್ನುಕೊಟ್ಟು ಕೂತರು. ಹೆಂಗಸರು ತಮ್ಮ ತಮ್ಮ ಪರದೆಗಳನ್ನೆಲ್ಲ ಬಿಚ್ಚಿ ತಂದು ಅವಳ ಸುತ್ತ ಕಟ್ಟಿದರು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳಿಗೊಂದು ಕೋಣೆ ಸಿಕ್ಕಿತು.

ಹೆರಿಗೆ ಮಾಡಿಸುವ ಹೋಸ್ನಾ ಅಜ್ಜಿ ಹೊಟ್ಟೆ ಸವರಿ ನೋಡಿ ಮುಖ ಸಣ್ಣ ಮಾಡಿಕೊಂಡಳು. ಹೊರಗೆ ಬಂದು ಪೊಂಡೋಕಿನ ಹಿರಿಯ ಯಜಮಾನರಾದ ಮರ್ಜುಕಿಯವರಿಗೆ ಹೇಳಿದಳು: "ಕೂಸು ಅಡ್ಡ ತಿರುಗಿದೆ. ನನ್ನ ಕೈಲಾಗೋದಲ್ಲ ಇದು. ಆಸ್ಪತ್ರೆಗೆ ಒಯ್ಯಲೇಬೇಕು."

"ಯಾವುದ್ರಲ್ಲಿ ಒಯ್ಯೋದು ತಾಯಿ? ಒಂದು ರಿಕ್ಷಾನೂ ಬೀದೀಲಿಲ್ಲ."

ಯಜಮಾನರ ಮಾತು ಮುಗಿಯುವ ಮೊದಲೇ ಟಣ್ ಟಣ್ ಎಂದು ಸದ್ದಾಯಿತು. ಬುವಾಂಗ್ ಮನೆಯ ಮುಂಬಾಗಿಲಿನ ಕೀಲುಗಳಿಗೆ ಸುತ್ತಿಗೆ ಹಾಕಿ ಬಾಗಿಲನ್ನೇ ಕಳಚುತ್ತಿದ್ದ.

"ಲೋ, ಮನೆ ಮಾಲೀಕ ಬಂದು ಕೇಳಿದ್ರೆ?" ಎಂದರು ಯಾರೋ.

"ಗಾಳಿಗೆ ಹಾರಿಹೋಯ್ತು ಅನ್ನು. ಬಾ, ಈ ತುದಿ ಹಿಡಿ!"

ಬಾಗಿಲ ಮೇಲೆ ಚಾಪೆ ಹಾಸಿ ಸುಪಿಯಾಳನ್ನು ಮಲಗಿಸಿದರು. ನಾಲ್ವರು ಹೆಗಲು ಕೊಟ್ಟರು. ಅಜ್ಜಿ ನೀರಲ್ಲೇ ಪಕ್ಕದಲ್ಲಿ ನಡೆಯುತ್ತ ಅವಳ ಕೈ ಹಿಡಿದುಕೊಂಡಳು. ಸೊಂಟಮಟ್ಟದ ನೀರಿನಲ್ಲಿ ಬುವಾಂಗ್ ಮುಂದೆ. ಹೆಜ್ಜೆ ಊರಿ ನೆಲ ನೋಡಿ "ಇಲ್ಲಿ ಗುಂಡಿ, ಎಡಕ್ಕೆ ಬನ್ನಿ" ಎನ್ನುತ್ತ ದಾರಿ ತೋರಿಸಿದ. ಉಳಿದವರು ಹಿಂದೆ. ಹೆಗಲು ಸೋತವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ, ಬಾಗಿಲು ಮಾತ್ರ ಒಮ್ಮೆಯೂ ವಾಲಲಿಲ್ಲ. ನೋವಿನ ನಡುವೆ ಕಣ್ತೆರೆದಾಗಲೆಲ್ಲ ಸುಪಿಯಾಗೆ ಕಂಡದ್ದು ಮಳೆಯಲ್ಲಿ ತೊಯ್ದ ತಲೆಗಳು. ಒಬ್ಬನೂ ತಿರುಗಿ ಅವಳ ಕಡೆ ನೋಡುತ್ತಿರಲಿಲ್ಲ. ಅವಳ ಮಾನಕ್ಕಾಗಿ ಅಷ್ಟು ಕತ್ತುಗಳೂ ನೆಟ್ಟಗೆ ನಿಂತಿದ್ದವು. ತವರು ಬಿಟ್ಟು ಬಂದೆನೆಂದುಕೊಂಡಿದ್ದ ಅವಳು, ತವರಿನವರ ನಡುವೆಯೇ ಇರುವವಳಂತೆ, ಆ ಪ್ರವಾಹದಲ್ಲಿ ಜೋರಾಗಿ ಕೂಗಿಕೊಂಡಳು. ನಾಚಿಕೆ ಎಲ್ಲಿಗೋ ಹೋಗಿತ್ತು.

ಆಸ್ಪತ್ರೆಯ ಮೆಟ್ಟಿಲಲ್ಲಿ ದಾದಿ ಬೆರಗಾದಳು. "ಇವರಲ್ಲಿ ಗಂಡ ಯಾರು?"

"ಗಂಡ ಊರಲ್ಲಿಲ್ಲ. ನಾವೆಲ್ಲ ಮನೆಯವರು," ಎಂದರು ಯಜಮಾನರು.

ಕತ್ತಲಾಗುವ ಮುನ್ನ ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ನೀರಿಳಿದು ತಾಯಿ ಕೂಸು ಮನೆ ಸೇರಿದ ಮೇಲೆ ಮರಳಿ ಬಂದ ಅಸ್ಮಾವಿ ಬಾಗಿಲಿಲ್ಲದ ಮನೆ ಕಂಡು ಗಾಬರಿಬಿದ್ದು ಒಳಗೆ ಓಡಿದ. ಹೆಂಗಸರು ನಗುತ್ತ ಕೂಸನ್ನು ಅವನ ಕೈಗಿಟ್ಟು ನಡೆದದ್ದೆಲ್ಲ ಹೇಳಿದರು. ಬುವಾಂಗ್ ಮೂಲೆಯಲ್ಲಿ ಮಲಗಿದ್ದ. ನೀರಿನಡಿಯ ಗಾಜು ಅಂಗಾಲನ್ನು ಸೀಳಿತ್ತು. ಆಸ್ಪತ್ರೆ ಮುಟ್ಟುವವರೆಗೆ ಅವನು ಅದರ ಬಗ್ಗೆ ಬಾಯಿಬಿಟ್ಟಿರಲಿಲ್ಲ.

ಅಸ್ಮಾವಿ ಬಿಸಿನೀರು ತಂದು, ಮೋಟಾರಿನವನ ಬಿಳಿ ಅಂಗಿಯ ತೋಳು ಮಡಿಸಿ, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆಯತೊಡಗಿದ. ಕಣ್ಣೀರು ಆ ಪಾದದ ಮೇಲೇ ತೊಟ್ಟಿಕ್ಕುತ್ತಿತ್ತು.

"ಅಳಬೇಡ ಮಾರಾಯ, ಗಾಯಕ್ಕೆ ಉಪ್ಪು ನೀರು ಬೀಳತ್ತೆ," ಎಂದು ಬುವಾಂಗ್ ಗದರಿದ. "ನಿನ್ನ ಹೆಂಡ್ತಿಗೆ ಹೇಳು, ಗಂಜಿ ತಣ್ಣಗಾಯ್ತು ಅಂತ. ಬಾಣಂತಿ ಕೈಯಡುಗೆ ಬೇಡ ಅಂದ್ರೂ ಕೇಳಲ್ಲ, ಬೆಳಗ್ಗೆಯಿಂದ ಮೂರು ಸಲ ತಂದಿಟ್ಟಿದ್ದಾಳೆ."

ಸುಪಿಯಾ ಪರದೆ ಸರಿಸಿ, "ಮೂರು ಸಲಾನೂ ಬಟ್ಟಲು ನೆಕ್ಕಿಟ್ಟಿದ್ದು ಯಾರಣ್ಣಾ?" ಎಂದಳು.